ನಿದಾನ ಮತ್ತು ನಿಧಾನ

ಸಂಕ್ರಾಂತಿ ಕಳೆದು ಸುಗ್ಗಿಯ ಕಣ ಬರಿದಾಯಿತೆಂದರೆ ನಮ್ಮ ಮಂಡ್ಯದ ಸೀಮೆಯ ಹಳ್ಳಿಗಳಿಗೆ ನಾಟಕದ ಕಳೆ ಏರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ—ಈ ನಾಲ್ಕು ತಾಲ್ಲೂಕುಗಳ ಯಾವ ದಾರಿಯನ್ನು ಹಿಡಿದು ಹೋದರೂ 'ಕುರುಕ್ಷೇತ್ರ' ನಾಟಕದ ಬಣ್ಣದ ಫಲಕವೊಂದು ಕಣ್ಣಿಗೆ ಬೀಳದೆ ಇರದು. ಹಗಲು ಕಬ್ಬಿಗೆ ನೀರು ಹಾಯಿಸಿದವರು ರಾತ್ರಿ ಭೀಮಸೇನರಾಗುತ್ತಾರೆ. ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವರು ಶಕುನಿಯಾಗಿ ದಾಳ ಉರುಳಿಸುತ್ತಾರೆ. ಪಾತ್ರ ವಹಿಸಿದುದಕ್ಕೆ ಸಂಭಾವನೆ ಪಡೆಯುವ ರೂಢಿ ಇಲ್ಲಿಲ್ಲ. ಪಾತ್ರಕ್ಕೆಂದು ತಾವೇ ಹಣ ತೆತ್ತು, ತಿಂಗಳುಗಟ್ಟಲೆ ತಾಲೀಮು ಮಾಡಿ, ಒಂದು ರಾತ್ರಿಯ ಮಟ್ಟಿಗೆ ಕಿರೀಟ ಧರಿಸುವುದು ಇಲ್ಲಿನ ರೂಢಿ.

ಈ ನಾಟಕಗಳ ಜೀವವಿರುವುದು ಕಂದಪದ್ಯಗಳಲ್ಲಿ, ರಂಗಗೀತೆಗಳಲ್ಲಿ. ಅವಕ್ಕೆ ಆಧಾರ ಹಾರ್ಮೋನಿಯಂ. ಪ್ಯಾರಿಸ್ಸಿನಲ್ಲಿ 1842ರಲ್ಲಿ ಹಕ್ಕುಪತ್ರ ಪಡೆದು ಹುಟ್ಟಿದ ಆ ವಾದ್ಯವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರಲ್ಲಿ ನೆಲದ ಮೇಲೆ ಕುಳಿತು, ಒಂದು ಕೈಯಿಂದ ತಿದಿಯೊತ್ತಿ, ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಡಿಸಿದರಂತೆ. ಈಚಿನ ದಶಕಗಳಲ್ಲಿ ಅದರ ಪಕ್ಕದಲ್ಲಿಯೇ ಇನ್ನೊಂದು ವಾದ್ಯ ಬಂದು ಕುಳಿತಿದೆ. ಅದು ವಿದ್ಯುತ್ತಿನಿಂದ ನುಡಿಯುವ ಕೀಬೋರ್ಡು. ಬಲ್ಲವರು ಸಿಂಥಸೈಸರ್ ಎನ್ನುತ್ತಾರೆ. ಅದು ಯಾವ ಕಂಪನಿಯದೇ ಆಗಿರಲಿ, ನಮ್ಮ ಹಳ್ಳಿಗರ ಬಾಯಲ್ಲಿ ಅದಕ್ಕೆ 'ಕ್ಯಾಸಿಯೊ' ಎಂದೇ ನಾಮಕರಣ. ಗುಡುಗು, ಕುದುರೆಯ ಖುರಪುಟ, ಕೊಳಲು, ಶಂಖ—ಎಲ್ಲವೂ ಆ ಒಂದು ಪೆಟ್ಟಿಗೆಯಿಂದಲೇ ಹೊರಡಬೇಕು.

ಹೋದ ವರ್ಷ ಮಾಘಮಾಸದ ಒಂದು ಭಾನುವಾರ ಬೆಳಿಗ್ಗೆ ನಾಗಮಂಗಲ ತಾಲ್ಲೂಕಿನ ನಾಟಕದ ಮಾಸ್ತರೊಬ್ಬರು ಶ್ರೀರಂಗಪಟ್ಟಣದ ನಮ್ಮ ಮನೆಯ ಬಾಗಿಲಿಗೆ ಬಂದರು. ಹೆಗಲ ಮೇಲೆ ಹಳೆಯ ಜಮಖಾನದಲ್ಲಿ ಸುತ್ತಿದ ಉದ್ದನೆಯ ಗಂಟು. ಅದನ್ನು ಮಗುವನ್ನು ಮಲಗಿಸುವಂತೆ ಮೆಲ್ಲನೆ ಜಗಲಿಯ ಮೇಲೆ ಇಳಿಸಿ, ಬೆವರು ಒರೆಸಿಕೊಂಡು ಹೇಳಿದರು:

"ಸಾರ್, ನಮ್ ಕ್ಯಾಸಿಯೊ ಕೆಟ್ಟೋಗದೆ. ಅಂಗಡಿಯೋರು ಒಳಗಿನ ಬೋರ್ಡೇ ಹೋಗದೆ, ಹೊಸದು ತಕ್ಕಳಿ ಅಂದ್ರು. ಇನ್ನು ಒಂಬತ್ತು ದಿನಕ್ಕೆ ಕೆ.ಆರ್. ಪೇಟೆ ಕಡೆ ನಾಟಕ ಒಪ್ಕೊಂಡಿವ್ನಿ."

ಆ ವಾದ್ಯಕ್ಕೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕ ವಯಸ್ಸು. ಹೊಸದನ್ನು ಕೊಳ್ಳಬೇಕೆಂದರೆ ಮಾಸ್ತರರ ಎರಡು ಹಂಗಾಮಿನ ಸಂಪಾದನೆ ಸಾಲದು. ಕೃಷ್ಣರಾಜಪೇಟೆಯ ಆ ನಾಟಕವನ್ನು ಕೈಬಿಟ್ಟರೆ ಮುಂದಿನ ನಾಲ್ಕು ನಾಟಕಗಳೂ ಕೈಬಿಟ್ಟು ಹೋಗುವ ಭಯ. ಹೀಗಿರುವಾಗ ಕನ್ನಡ ಪಾಠ ಹೇಳುವ ನನ್ನ ಬಳಿಗೆ ಅವರು ಏಕೆ ಬಂದರೆಂದು ವಾಚಕರು ಕೇಳಬಹುದು. ಬಾಲ್ಯದಲ್ಲಿ ರೇಡಿಯೋ ರಿಪೇರಿಯ ಅಂಗಡಿಯೊಂದರಲ್ಲಿ ಬೇಸಗೆಯ ರಜೆಗಳನ್ನು ಕಳೆದವನು ನಾನು. ಬೆಸುಗೆಯ ಕಡ್ಡಿ, ಒಂದು ಮಲ್ಟಿಮೀಟರ್ ನನ್ನ ಮೇಜಿನ ಖಾನೆಯಲ್ಲಿ ಕಾವ್ಯಗಳ ಪಕ್ಕದಲ್ಲಿಯೇ ಇವೆ. ಊರಿನ ನಾಲ್ಕಾರು ಟಾರ್ಚು, ಇಸ್ತ್ರಿ ಪೆಟ್ಟಿಗೆಗಳನ್ನು ಸರಿಮಾಡಿ ಕೊಟ್ಟು, ಇಲ್ಲದ ಕೀರ್ತಿಯನ್ನು ಸಂಪಾದಿಸಿಬಿಟ್ಟಿದ್ದೆ. ಅಲ್ಪವಿದ್ಯೆಯ ಜೊತೆಗೆ ಅಲ್ಪಕೀರ್ತಿಯೂ ಸೇರಿದರೆ ಏನಾಗುವುದೆಂಬುದನ್ನು ಇನ್ನು ಮುಂದೆ ಹೇಳುತ್ತೇನೆ.

ಮಾಸ್ತರರು ಹೇಳಿದ ದೂರುಗಳು ನಾಲ್ಕು. ಅಲ್ಲಲ್ಲಿ ಕೆಲವು ಮನೆಗಳು ಮೂಕವಾಗಿವೆ. (ಒತ್ತುವ ಪಟ್ಟಿಗೆಗೆ ವಾದ್ಯದವರು 'ಮನೆ' ಎನ್ನುತ್ತಾರೆ, ಬಿಳಿ ಮನೆ, ಕಪ್ಪು ಮನೆ.) ನಡುವಿನ ಒಂದು ಮನೆ, ಎಷ್ಟು ಮೆಲ್ಲನೆ ಮುಟ್ಟಿದರೂ, ಕಿರುಚುತ್ತದೆ. ರಂಗಸ್ಥಳದ ಹಲಗೆ ಅಲುಗಿದರೆ ಒಮ್ಮೊಮ್ಮೆ ವಾದ್ಯವೇ ಆರಿಹೋಗುತ್ತದೆ. ಕೊನೆಯದಾಗಿ, ಸ್ವಿಚ್ಚು ಹಾಕಿದಾಗಲೆಲ್ಲ ಒಳಗಿನ ಬ್ಯಾಟರಿ ಕ್ಷೀಣಿಸಿದೆಯೆಂಬ ಇಂಗ್ಲಿಷ್ ಎಚ್ಚರಿಕೆಯೊಂದು ಗಾಜಿನ ಪಟ್ಟಿಯ ಮೇಲೆ ಮೂಡುತ್ತದೆ.

ನಾನು ಒಡನೆಯೇ ವಾದ್ಯವನ್ನು ಬೋರಲು ಹಾಕಿ ಸ್ಕ್ರೂಗಳನ್ನು ಬಿಚ್ಚಿದೆ. ಒಳಗೆ ಹಸಿರು ಬೋರ್ಡಿನ ಮೂಲೆಯಲ್ಲಿ ಗುಂಡಿಯಾಕಾರದ ಲಿಥಿಯಂ ಸೆಲ್ಲು ಕಾಣಿಸಿತು. ಅಳೆದು ನೋಡಿದೆ, 3 ವೋಲ್ಟ್ ಇರಬೇಕಾದುದು 2.3ಕ್ಕೆ ಇಳಿದಿದ್ದಿತು. "ಸಿಕ್ಕಿತು!" ಎಂದೆ. ಅಂಗಡಿಗೆ ಓಡಿ ಹೊಸ ಸೆಲ್ಲು ತಂದು, ಹಳೆಯದನ್ನು ಕಿತ್ತು, ಹೊಸದನ್ನು ಬೆಸೆದೆ. ಮುಚ್ಚಳ ಮುಚ್ಚಿ ಸ್ವಿಚ್ಚು ಹಾಕಿದೆ. ಎಚ್ಚರಿಕೆಯ ಅಕ್ಷರಗಳು ಮಾಯವಾಗಿದ್ದವು. ಮಾಸ್ತರರ ಕಡೆಗೆ ಗರ್ವದಿಂದ ನೋಡಿದೆ.

ಮಾಸ್ತರರು ಒಂದು ಗುಂಡಿಯನ್ನು ಒತ್ತಿದರು, ಇನ್ನೊಂದನ್ನು ಒತ್ತಿದರು, ಮತ್ತೊಂದನ್ನು ಒತ್ತಿದರು. ಅವರ ಮುಖ ಬಣ್ಣಗೆಟ್ಟಿತು.

"ಸಾರ್, ನನ್ ಸೌಂಡುಗಳೆಲ್ಲಿ?"

ಆಗ ನನಗೆ ನೆನಪಾಯಿತು. ಆ ಪುಟ್ಟ ಸೆಲ್ಲು ಇದ್ದುದೇ ಅದಕ್ಕಾಗಿ. ಆ ಕಾಲದ ವಾದ್ಯಗಳಲ್ಲಿ ನುಡಿಸುವವನು ತಾನೇ ಹದಮಾಡಿ ಕೂಡಿಟ್ಟ ಸ್ವರವಿನ್ಯಾಸಗಳು ಒಂದು ಸ್ಮೃತಿಕೋಶದಲ್ಲಿ ಉಳಿಯುತ್ತವೆ. ವಾದ್ಯ ಆರಿದಾಗಲೂ ಆ ಸ್ಮೃತಿಯನ್ನು ಉಳಿಸುವುದು ಸೆಲ್ಲಿನ ಸಣ್ಣ ವಿದ್ಯುತ್ತು. ಅದನ್ನು ಕಿತ್ತರೆ ಸ್ಮೃತಿ ನಾಶ. ಕಾರ್ಖಾನೆಯವರು ಇಟ್ಟ ಸ್ವರಗಳೇನೋ ಬೇರೆ ಕಡೆ ಭದ್ರವಾಗಿರುತ್ತವೆ. ಮಾಸ್ತರರು ಎರಡು ದಶಕ ರಾತ್ರಿ ನಿದ್ದೆಗೆಟ್ಟು ಕೂಡಿಸಿದ ಐವತ್ತಕ್ಕೂ ಮಿಕ್ಕ ಸ್ವರಗಳು ಮಾತ್ರ ಹಾಗಲ್ಲ. ಕೃಷ್ಣನ ಪ್ರವೇಶಕ್ಕೆ ಒಂದು ಕೊಳಲು, ಕೌರವನ ಆಸ್ಥಾನಕ್ಕೆ ಒಂದು ಗಂಭೀರ ನಾದ, ರಣರಂಗಕ್ಕೆ ಪಾಂಚಜನ್ಯ—ಎಲ್ಲವೂ ಒಂದು ಕ್ಷಣದಲ್ಲಿ ಇಲ್ಲವಾಗಿದ್ದವು. ಸೆಲ್ಲು 2.3 ವೋಲ್ಟಿಗೆ ಇಳಿದಿದ್ದರೂ ಅವು ಅಲ್ಲಿಯವರೆಗೆ ಜೀವ ಹಿಡಿದುಕೊಂಡಿದ್ದವು. ಕೊಂದವನು ನಾನು.

ಅದಕ್ಕಿಂತ ನಾಚಿಕೆಯ ಸಂಗತಿಯೊಂದಿದೆ. 1983ರಲ್ಲಿ ವಾದ್ಯ ತಯಾರಕರು ಒಮ್ಮತದಿಂದ ಒಪ್ಪಿಕೊಂಡ 'ಮಿಡಿ' ಎಂಬ ಸಂಪರ್ಕದ ವ್ಯವಸ್ಥೆ ಆ ವಾದ್ಯದ ಬೆನ್ನಿನಲ್ಲಿಯೇ ಇದ್ದಿತು. ಐದು ತೂತುಗಳ ದುಂಡನೆಯ ಕಿಂಡಿ. ಅದಕ್ಕೊಂದು ತಂತಿ ಸಿಕ್ಕಿಸಿ ಕಂಪ್ಯೂಟರಿಗೆ ಜೋಡಿಸಿದ್ದರೆ ಕೆಲವೇ ನಿಮಿಷಗಳಲ್ಲಿ ಆ ಸ್ಮೃತಿಯನ್ನೆಲ್ಲ ಪ್ರತಿಮಾಡಿ ಇಟ್ಟುಕೊಳ್ಳಬಹುದಾಗಿತ್ತು. ಅಷ್ಟೂ ತಿಳಿಯದಿದ್ದರೆ ಕಾಗದದ ಮೇಲೆ ಬರೆದುಕೊಳ್ಳಬಹುದಾಗಿತ್ತು. ನಾನು ಯಾವುದನ್ನೂ ಮಾಡಲಿಲ್ಲ. ಮಾಸ್ತರರು ಬೈಯಲಿಲ್ಲ, ಸುಮ್ಮನೆ ಜಮಖಾನವನ್ನು ಮಡಿಸತೊಡಗಿದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವರನ್ನು ತಡೆದು ನಿಲ್ಲಿಸಿ, ಅದೇ ಮಧ್ಯಾಹ್ನ ಇಬ್ಬರೂ ಪಾಂಡವಪುರಕ್ಕೆ ಹೋದೆವು. ಹಿರೋಡೆಯೆಂದೂ, ಹೈದರ್-ಟಿಪ್ಪುಗಳ ಕಾಲದ ಫ್ರೆಂಚ್ ದಂಡಿನಿಂದಾಗಿ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡಿದ್ದ ಆ ಊರಿನಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ವಾಲ್ವ್ ರೇಡಿಯೋದಿಂದ ಹಿಡಿದು ಟೇಪ್‌ರೆಕಾರ್ಡರ್‌ವರೆಗೆ ಎಲ್ಲವನ್ನೂ ಕಂಡವರು. ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ನಗಲಿಲ್ಲ.

"ಯಜಮಾನರೇ, ಬಿಚ್ಚಿ ತೋರಿಸಲೇ?" ಎಂದೆ.

"ಬಿಚ್ಚೋದು ಕಡೇಲಿ ಮೇಷ್ಟ್ರೇ. ಮೊದಲು ಅದು ಏನು ಹೇಳ್ತದೆ ಕೇಳಾಣ. ಒಂದು ಪುಸ್ತಕ ತಕ್ಕಂಡು ಬರೀರಿ," ಎಂದರು.

ಆ ಸಂಜೆ ನಾನು ಅವರ ಬರಹಗಾರನಾದೆ. ಅವರು ಅನುಸರಿಸಿದ ಕ್ರಮವನ್ನು ಇಲ್ಲಿ ವಿವರವಾಗಿ ಹೇಳುವುದು ಯೋಗ್ಯ. ಮನೆಯ ಅಟ್ಟದ ಮೇಲೆ ಮಕ್ಕಳ ಹಳೆಯ ಕೀಬೋರ್ಡು ಧೂಳು ತಿನ್ನುತ್ತಿರುವ ಸಂಸಾರಗಳು ಈ ಪತ್ರಿಕೆಯ ವಾಚಕರಲ್ಲಿ ಹಲವಾರು ಇರಬೇಕು.

ಮೊದಲನೆಯದು ಅನ್ನ, ಎಂದರೆ ವಿದ್ಯುತ್ತು. ವಾದ್ಯವನ್ನು ಮುಟ್ಟುವ ಮೊದಲು ಅಡಾಪ್ಟರನ್ನು ಕೈಗೆತ್ತಿಕೊಂಡರು. ಅದರ ಮೇಲೆ ಬರೆದ ವೋಲ್ಟೇಜು ವಾದ್ಯದ ಬೆನ್ನಿನ ಮೇಲೆ ಬರೆದುದಕ್ಕೆ ಹೊಂದುತ್ತದೆಯೇ? ಪ್ಲಗ್ಗಿನ ನಡುಭಾಗ ಧನವೋ ಋಣವೋ? ಕೆಲವು ತಯಾರಕರು ನಡುವಿಗೆ ಧನವನ್ನೂ, ಮತ್ತೆ ಕೆಲವರು ಋಣವನ್ನೂ ಇಡುತ್ತಾರೆ. ಪ್ಲಗ್ಗು ಹಿಡಿಸಿತೆಂದು ನೆರೆಮನೆಯ ಅಡಾಪ್ಟರನ್ನು ಸಿಕ್ಕಿಸಿ ವಾದ್ಯವನ್ನು ಸುಟ್ಟುಕೊಂಡವರಿದ್ದಾರೆ. ಇಲ್ಲಿ ಎರಡೂ ಸರಿಯಾಗಿದ್ದವು. ಆಮೇಲೆ ಪ್ಲಗ್ಗನ್ನು ವಾದ್ಯಕ್ಕೆ ಸಿಕ್ಕಿಸಿ, ಬೆರಳ ತುದಿಯಿಂದ ಮೆಲ್ಲನೆ ಅತ್ತಿತ್ತ ಅಲುಗಿಸಿದರು. ವಾದ್ಯ ಆರಿತು, ಹೊತ್ತಿತು, ಮತ್ತೆ ಆರಿತು. "ಬರ್ಕಳಿ: ಪಿನ್ನಿನ ಬುಡ," ಎಂದರು.

ಎರಡನೆಯದು ಹೊರಗು-ಒಳಗುಗಳ ವಿವೇಚನೆ. ಧ್ವನಿವರ್ಧಕದ ತಂತಿಯನ್ನು ತೆಗೆದು ಹೆಡ್‌ಫೋನನ್ನು ಕಿವಿಗೆ ಇಟ್ಟುಕೊಂಡರು. ನಾಟಕದ ದಿನ ಗುಂಯ್ ಎಂಬ ಸದ್ದೂ ಬರುತ್ತಿತ್ತೆಂದು ಮಾಸ್ತರರು ಮಧ್ಯೆ ಹೇಳಿದ್ದರು. ಹೆಡ್‌ಫೋನಿನಲ್ಲಿ ಅದು ಇರಲಿಲ್ಲ. ಎಂದರೆ ಆ ದೋಷ ವಾದ್ಯದ್ದಲ್ಲ. ತಂತಿಯದೋ ಧ್ವನಿವರ್ಧಕದ್ದೋ ಆಗಿರಬೇಕು. ಹೆಡ್‌ಫೋನಿನಲ್ಲಿಯೂ ಕೇಳಿಸಿದ್ದರೆ ಅಡಾಪ್ಟರಿನ ಮೇಲೆಯೂ ಒಳಗಿನ ಕೆಪಾಸಿಟರುಗಳ ಮೇಲೆಯೂ ಸಂಶಯಪಡಬೇಕಾಗಿತ್ತು. ನಮ್ಮ ಮನೆಗೆ ಬರುವ ವಿದ್ಯುತ್ತು ಕ್ಷಣಕ್ಕೆ 50 ಸಲ ತೂಗಾಡುತ್ತದೆ. ಅದನ್ನು ಒಮ್ಮುಖ ಮಾಡಿದಾಗ ಉಳಿಯುವ ಏರಿಳಿತ ಕ್ಷಣಕ್ಕೆ 100. ಆ ಏರಿಳಿತವನ್ನು ಹೀರಿ ಸಮಮಾಡುವುದು ಕೆಪಾಸಿಟರಿನ ಕೆಲಸ. ವಯಸ್ಸಾಗಿ, ಬಿಸಿಗೆ ಅದರೊಳಗಿನ ದ್ರವ ಒಣಗಿದರೆ ಆ ಏರಿಳಿತವೇ ಗುಂಯ್ ಎಂದು ಕೇಳಿಸುತ್ತದೆ.

ಮೂರನೆಯದೇ ನನ್ನನ್ನು ಬೆರಗುಗೊಳಿಸಿದುದು. ಎಡತುದಿಯಿಂದ ಆರಂಭಿಸಿ 61 ಮನೆಗಳನ್ನೂ ಒಂದೊಂದಾಗಿ, ಮೆಲ್ಲನೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿದರು. ಮೂಕವಾದವುಗಳ ಸಂಖ್ಯೆಯನ್ನು ನನ್ನಿಂದ ಬರೆಸಿದರು. ಮೊದಲ ಮನೆಯನ್ನು ಷಡ್ಜವೆಂದು ಹಿಡಿದರೆ, ಒಂದು ಸಪ್ತಕದಲ್ಲಿ ಗಾಂಧಾರ ಇಲ್ಲ. ಅದರ ಮೇಲಿನದರಲ್ಲಿ ಷಡ್ಜ-ಧೈವತಗಳಿಲ್ಲ. ಮತ್ತೊಂದರಲ್ಲಿ ಪುನಃ ಗಾಂಧಾರ ಇಲ್ಲ. ಮಾಸ್ತರರಿಗೂ ಅಂಗಡಿಯವರಿಗೂ ಇದು ಅಡ್ಡಾದಿಡ್ಡಿಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ ನನ್ನ ಪುಸ್ತಕದಲ್ಲಿದ್ದ ಅಂಕಿಗಳು ಇವು: 5, 13, 21, 29, 37, 45, 53, 61.

"ಈಗ ಕಳೀರಿ ಮೇಷ್ಟ್ರೇ," ಎಂದರು ಯಜಮಾನರು.

ಕಳೆದೆ. ಎಲ್ಲೆಲ್ಲಿಯೂ ಎಂಟು! ಸಂಗೀತಗಾರನ ಕಿವಿ ಸಪ್ತಕದ ಹನ್ನೆರಡು ಮನೆಗಳನ್ನು ಎಣಿಸುತ್ತದೆ. ಈ ಯಂತ್ರವು ಎಂಟರ ಲೆಕ್ಕದಲ್ಲಿ ಎಣಿಸುತ್ತದೆ. ಒಂದೊಂದು ಮನೆಗೂ ಒಂದೊಂದು ತಂತಿಯನ್ನು ಎಳೆದರೆ ತಂತಿಗಳ ಕಾಡಾಗುವುದೆಂದು, ಮನೆಗಳನ್ನು ಅಡ್ಡಸಾಲು-ಉದ್ದಸಾಲುಗಳ ಚೌಕಾಬಾರದ ಮಣೆಯಂತೆ ಜೋಡಿಸಿರುತ್ತಾರೆ. ಯಂತ್ರವು ಕ್ಷಣಕ್ಕೆ ಅನೇಕ ಸಲ ಒಂದೊಂದು ಸಾಲನ್ನೂ ವಿಚಾರಿಸುತ್ತ, ಯಾರನ್ನು ಒತ್ತಿದ್ದಾರೆಂದು ತಿಳಿದುಕೊಳ್ಳುತ್ತದೆ. ಒಂದೇ ಒಂದು ಮನೆ ಮೂಕವಾಗಿದ್ದರೆ ಆ ಮನೆಯ ಅಡಿಯಲ್ಲಿ ಕೊಳೆ ಎಂದು ತಿಳಿಯಬೇಕು. ಎಂಟರ ಅಂತರದಲ್ಲಿ ಮೂಕವಾಗಿದ್ದರೆ ಅವೆಲ್ಲವನ್ನೂ ಕೂಡಿಸುವ ಒಂದೇ ಸಾಲು ಎಲ್ಲಿಯೋ ಕಡಿದಿದೆಯೆಂದು ತಿಳಿಯಬೇಕು. (ಕೆಲವು ವಾದ್ಯಗಳಲ್ಲಿ ಪಕ್ಕಪಕ್ಕದ ಎಂಟು ಮನೆಗಳು ಒಟ್ಟಿಗೆ ಮೂಕವಾಗುವುದೂ ಉಂಟು, ಜೋಡಣೆ ಬೇರೆ, ನ್ಯಾಯ ಒಂದೇ.) ಎಲ್ಲ ಮನೆಗಳೂ ಮೂಕವಾಗಿದ್ದರೆ ಮಾತ್ರ ಮುಖ್ಯ ಬೋರ್ಡಿನ ಮೇಲೆ ಅನುಮಾನ. ಮೂಕವಾದ ಎಂಟು ಮನೆಗಳಿಗೆ ಎಂಟು ರೋಗವಿರಲಿಲ್ಲ. ಇದ್ದುದು ಒಂದೇ ರೋಗ.

ನಡುವೆ ಕಿರುಚುತ್ತಿದ್ದುದು 32ನೆಯ ಮನೆ, ಮಧ್ಯಸಪ್ತಕದ ಪಂಚಮ. ಮೃದುವಾಗಿ ಒತ್ತಿದರೆ ಮೃದುವಾಗಿ, ಗಟ್ಟಿಯಾಗಿ ಒತ್ತಿದರೆ ಗಟ್ಟಿಯಾಗಿ ನುಡಿಯುವ ವಾದ್ಯಗಳಲ್ಲಿ ಪ್ರತಿ ಮನೆಯ ಅಡಿಯಲ್ಲಿಯೂ ಎರಡು ಸ್ಪರ್ಶಗಳಿರುತ್ತವೆ. ಒಂದು ಮೊದಲು ಕೂಡುತ್ತದೆ, ಇನ್ನೊಂದು ಆಮೇಲೆ. ಯಂತ್ರ ಅಳೆಯುವುದು ಒತ್ತಡವನ್ನಲ್ಲ. ಆ ಎರಡರ ನಡುವಿನ ಕಾಲವನ್ನು. ಕಾಲ ಕಡಿಮೆಯಾದಷ್ಟೂ ಪೆಟ್ಟು ಜೋರೆಂದು ಅದರ ತೀರ್ಮಾನ. ಮೊದಲನೆಯ ಸ್ಪರ್ಶದ ಮೇಲೆ ಕೊಳೆ ಕುಳಿತರೆ ಅದು ತಡವಾಗಿ ಕೂಡುತ್ತದೆ. ಎರಡರ ನಡುವಿನ ಕಾಲ ಕುಗ್ಗುತ್ತದೆ. ಮೆಲ್ಲನೆ ಮುಟ್ಟಿದುದೂ ಗುದ್ದಿನಂತೆ ತೋರುತ್ತದೆ.

ಇಷ್ಟನ್ನೂ ಯಜಮಾನರು ಒಂದು ಸ್ಕ್ರೂ ಕೂಡ ಬಿಚ್ಚದೆ ಕಂಡುಕೊಂಡರು. ಬಿಚ್ಚುವ ಮೊದಲು ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಬಿಟ್ಟರು. ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದಷ್ಟೆ. (ಗೋಡೆಯ ವಿದ್ಯುತ್ತು ನೇರವಾಗಿ ಒಳಗೇ ಬರುವ ವಾದ್ಯಗಳೂ ಉಂಟು, ಅವುಗಳ ಮುಚ್ಚಳಕ್ಕೆ ಹವ್ಯಾಸಿಗಳು ಕೈಹಾಕದಿರುವುದೇ ಲೇಸು.) ಆಮೇಲೆ ಪ್ರತಿ ಹಂತದಲ್ಲಿಯೂ ಮಾಸ್ತರರ ಮೊಬೈಲಿನಲ್ಲಿ ಚಿತ್ರ ತೆಗೆಸಿದರು. ಉದ್ದದ ಸ್ಕ್ರೂಗಳು ಒಂದು ಲೋಟಕ್ಕೆ, ಗಿಡ್ಡವು ಇನ್ನೊಂದಕ್ಕೆ; ಗಿಡ್ಡದರ ತೂತಿಗೆ ಉದ್ದದ್ದನ್ನು ತಿರುಪಿದರೆ ಅದು ಒಳಗಿನದನ್ನು ಚುಚ್ಚುವುದೆಂದು ಎಚ್ಚರಿಸಿದರು.

ಒಳಗೆ ಕಂಡ ನೋಟ ಒಂದು ನಾಟಕದ ಇತಿಹಾಸವೇ ಆಗಿದ್ದಿತು. ಮುಖಕ್ಕೆ ಬಳಿಯುವ ಗುಲಾಬಿ ಪುಡಿ, ಊದುಬತ್ತಿಯ ಬೂದಿ, ಯಾವ ದುರ್ಯೋಧನನ ಎದೆಕವಚದಿಂದಲೋ ಉದುರಿದ ಜರಿಯ ಚೂರು. 32ನೆಯ ಮನೆ ಒಮ್ಮೆ ಕಿರ್ರೆಂದಿತೆಂದು ಯಾರೋ ಪುಣ್ಯಾತ್ಮರು ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಧೂಳೆಲ್ಲ ಅದಕ್ಕೆ ಅಂಟಿ ಕಪ್ಪು ಪಾಕವಾಗಿದ್ದಿತು. ಯಜಮಾನರು ರಬ್ಬರಿನ ಪಟ್ಟಿಯನ್ನು ಎತ್ತಿ, ಅದರ ಕಪ್ಪು ಇಂಗಾಲದ ಬಿಲ್ಲೆಗಳನ್ನೂ ಬೋರ್ಡಿನ ಮೇಲಿನ ಎದುರು ಸ್ಪರ್ಶಗಳನ್ನೂ ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರು. ಉಪ್ಪುಕಾಗದದಿಂದ ತಿಕ್ಕಿದರೆ ಇಂಗಾಲವೇ ಕಿತ್ತುಹೋಗುತ್ತದೆ, ಎಣ್ಣೆಯಂತೂ ಕೂಡದು. ಮನೆಗಳ ಸಾಲಿನಿಂದ ಬೋರ್ಡಿಗೆ ಹೋಗುವ ಪಟ್ಟಿತಂತಿಯ ಒಂದು ಬೆಸುಗೆ ಕೂದಲೆಳೆಯಷ್ಟು ಬಿರಿದಿದ್ದಿತು. ಭೂತಗನ್ನಡಿಯಲ್ಲಿ ಮಾತ್ರ ಕಾಣುವಷ್ಟು. ಅಡಾಪ್ಟರಿನ ಕಿಂಡಿಯ ಬುಡದಲ್ಲಿಯೂ ಪಿನ್ನಿನ ಸುತ್ತ ಉಂಗುರದಂಥ ಬಿರುಕು. ಎರಡಕ್ಕೂ ಹೊಸ ಬೆಸುಗೆ ಹಾಕಿದರು. 'ಬೋರ್ಡೇ ಹೋಗಿದೆ' ಎಂದು ತೀರ್ಪು ಪಡೆದಿದ್ದ ವಾದ್ಯ ಎರಡು ಬಿಂದು ಬೆಸುಗೆ, ಒಂದು ಚಿಟಿಕೆ ಹತ್ತಿಯಿಂದ ಎದ್ದು ಕುಳಿತಿತು.

ನಾನು ತೆಗೆದ ಸೆಲ್ಲನ್ನು ಕೈಯಲ್ಲಿ ಹಿಡಿದು ಅವರು ಹೇಳಿದರು: "ಇದನ್ನ ಬದಲಾಯಿಸ್ಬೇಕಾದ್ದು ನಿಜವೇ ಮೇಷ್ಟ್ರೇ. ನೀವು ಮಾಡಿದ್ದು ಕೆಲಸ ಸರಿ, ಹೊತ್ತು ತಪ್ಪು."

ಅವರ ಮಾತು ನ್ಯಾಯವಾದುದೇ. ಬ್ಯಾಟರಿಯನ್ನು ಹಾಗೆಯೇ ಬಿಡುವುದೂ ಅಪಾಯ. 1981ರಲ್ಲಿ ಜಪಾನಿನ ಕಾರ್ಗ್ ಸಂಸ್ಥೆ ಹೊರತಂದ 'ಪಾಲಿಸಿಕ್ಸ್' ಎಂಬ ಪ್ರಸಿದ್ಧ ವಾದ್ಯದಲ್ಲಿ ಬೋರ್ಡಿಗೇ ಬೆಸೆದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯಿರುತ್ತಿತ್ತು. ವರ್ಷಗಳು ಕಳೆದಂತೆ ಅದು ಸೋರಿ, ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದು, ಎಷ್ಟೋ ವಾದ್ಯಗಳನ್ನು ಕೆಡಿಸಿದೆ. ಆದುದರಿಂದ ಹಳೆಯ ವಾದ್ಯವುಳ್ಳವರು ಒಮ್ಮೆ ಬ್ಯಾಟರಿಯ ಕಡೆ ಕಣ್ಣು ಹಾಯಿಸಲೇಬೇಕು. ಆದರೆ ಮೊದಲು ಸ್ಮೃತಿಯ ಪ್ರತಿ. ಆಮೇಲೆ ಬ್ಯಾಟರಿಗೆ ಕೈ.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬಂದಿತು. ಏಕೆಂದರೆ ಯಜಮಾನರು ಮಾಡಿ ತೋರಿಸಿದುದು ನನಗೆ ಹೊಸ ವಿದ್ಯೆಯಾಗಿರಲಿಲ್ಲ. ನಾನೇ ತರಗತಿಯಲ್ಲಿ ಬೋಧಿಸುವ ವಿದ್ಯೆಯಾಗಿತ್ತು! ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದ ಯಾವ ವಿದ್ಯಾರ್ಥಿಯೂ ಬಲ್ಲನು: ಓಲೆಗರಿಯಲ್ಲಿ ಒಂದು ಶಬ್ದ ಅರ್ಥವಾಗಲಿಲ್ಲವೆಂದು ಸಂಪಾದಕನು ಒಡನೆಯೇ ತಿದ್ದಿಬಿಡಬಾರದು. ಮೊದಲು ದೊರೆತ ಪ್ರತಿಗಳನ್ನೆಲ್ಲ ಹೋಲಿಸಿ, ಇದ್ದುದನ್ನು ಇದ್ದಂತೆ ಬರೆದುಕೊಳ್ಳಬೇಕು. ತಪ್ಪುಗಳಿಗೂ ಒಂದು ಕ್ರಮವಿರುತ್ತದೆ; ಎಂಟು ಕಡೆ ಕಾಣುವ ದೋಷಕ್ಕೆ ಒಬ್ಬನೇ ಲಿಪಿಕಾರನ ಒಂದೇ ಅಭ್ಯಾಸ ಕಾರಣವಾಗಿರಬಹುದು. ತಿದ್ದಿದರೂ ಮೂಲಪಾಠವನ್ನು ಅಡಿಯಲ್ಲಿ ಅಚ್ಚುಮಾಡಬೇಕು. ಮುಂದೆ ಬರುವವನು ನನ್ನ ತಿದ್ದುಪಡಿಯನ್ನು ಒಪ್ಪದಿದ್ದರೆ ಅವನಿಗೆ ಹಿಂದಿರುಗುವ ದಾರಿ ಇರಬೇಕು. ಪಂಪನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವವನು ಮಾಸ್ತರರ ಕೃತಿಯ ವಿಷಯದಲ್ಲಿ ಒಂದು ಸಾಲನ್ನೂ ಬರೆದುಕೊಳ್ಳಲಿಲ್ಲ. ಅದೂ ಒಂದು ಕೃತಿಯೆಂದು ನನಗೆ ಹೊಳೆದೇ ಇರಲಿಲ್ಲ.

ಬಸ್ಸಿನಿಂದಿಳಿದು ನಮ್ಮ ಊರಿನ ಕೋಟೆಯನ್ನು ಹೊಕ್ಕಾಗ ಇನ್ನೊಂದು ಕಥೆ ನೆನಪಾಯಿತು. ರಂಗನಾಥಸ್ವಾಮಿಯ ದೇವಾಲಯದ ಸಮೀಪದಲ್ಲಿ ಟಿಪ್ಪುವಿನ ಲಾಲ್‌ಮಹಲ್ ಅರಮನೆಯಿದ್ದ ಜಾಗ ಇಂದು ಬರಿಯ ತಳಪಾಯ. ಆ ಅರಮನೆಯ ಸಂಗೀತಶಾಲೆಯಲ್ಲಿಯೂ ಮನೆಗಳಿದ್ದ ಒಂದು ವಾದ್ಯವಿದ್ದಿತು: ಬಿದ್ದ ಐರೋಪ್ಯ ಸಿಪಾಯಿಯೊಬ್ಬನ ಮೇಲೆರಗಿದ ಮರದ ಹುಲಿ. ಹಿಡಿಯನ್ನು ತಿರುಗಿಸಿದರೆ ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತದೆ; ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ಒಳಗೆ 18 ಸ್ವರಗಳ ಪುಟ್ಟ ಆರ್ಗನ್. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಆಂಗ್ಲರು ಅದನ್ನು ಲಂಡನ್ನಿಗೆ ಸಾಗಿಸಿದರು. 1808ರಿಂದ ಲೀಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಅದು ಪ್ರದರ್ಶನದ ವಸ್ತುವಾಯಿತು. ಬಂದವರೆಲ್ಲ ಹಿಡಿಯನ್ನು ತಿರುಗಿಸಿ ಸದ್ದೆಬ್ಬಿಸಿ, ಅಲ್ಲಿಯ ವಾಚನಾಲಯದ ಓದುಗರ ಶಾಪಕ್ಕೆ ಗುರಿಯಾದರು. 1843ರ ವೇಳೆಗೆ ವಾದ್ಯ ಕೆಟ್ಟಿತೆಂಬ ವರದಿ ಬಂದಿತು. ಮುಂದೆ ಹಿಡಿಯೇ ಕಾಣೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೂರು ಕುಸಿದು ಹುಲಿ ಜಖಂಗೊಂಡಿತು. ಸರಿಪಡಿಸಿ 1947ರಲ್ಲಿ ಮತ್ತೆ ಪ್ರದರ್ಶಿಸಿದರು. ಇಂದು ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಕಳೆದ ಶತಮಾನದಲ್ಲಿ ಅದನ್ನು ಬಿಚ್ಚಿ ನೋಡಿದ ತಜ್ಞರು ಒಂದು ವಿಷಾದವನ್ನು ವ್ಯಕ್ತಪಡಿಸಿದ್ದಾರೆ. ನಡುನಡುವೆ ರಿಪೇರಿ ಮಾಡಿದವರು ಒಳಗಿನ ಏರ್ಪಾಡನ್ನು ನಿರ್ದಾಕ್ಷಿಣ್ಯವಾಗಿ ಬದಲಾಯಿಸಿರುವುದರಿಂದ ಮೂಲದಲ್ಲಿ ಅದು ಕೆಲಸ ಮಾಡುತ್ತಿದ್ದ ರೀತಿಯಲ್ಲಿ ಬಹುಭಾಗ ಅಳಿಸಿಹೋಗಿದೆ. ಹುಲಿ ಈಗಲೂ ಗುರುಗುಟ್ಟಬಲ್ಲುದು. ಆದರೆ ಶ್ರೀರಂಗಪಟ್ಟಣದ ಆ ಶಾಲೆಯಲ್ಲಿ ಅದು ಹೇಗೆ ನುಡಿಯುತ್ತಿತ್ತೋ ಹಾಗೆಯೇ ಇಂದೂ ನುಡಿಯುತ್ತಿದೆಯೆಂದು ಯಾರೂ ಆಣೆಯಿಟ್ಟು ಹೇಳಲಾರರು. ಯುದ್ಧ ಅದನ್ನು ಮುರಿಯಿತು, ನಿಜ. ಒಳ್ಳೆಯ ಮನಸ್ಸಿನ ರಿಪೇರಿಯೂ ಸ್ವಲ್ಪ ಅಳಿಸಿತು. ನಾನು ಆ ರಿಪೇರಿಗಾರರ ಸಾಲಿನಲ್ಲಿ ನಿಂತಿದ್ದೆ.

ಮುಂದಿನ ಆರು ಸಂಜೆ ಮಾಸ್ತರರು ನಮ್ಮ ಮನೆಯಲ್ಲಿಯೇ ಉಳಿದರು. ಅವರು ಕಿವಿಯ ನೆನಪಿನಿಂದ ಒಂದೊಂದೇ ಸ್ವರವನ್ನು ಮತ್ತೆ ಕಟ್ಟಿದರು. ನಾನು ಪ್ರತಿಯೊಂದರ ಅಂಕಿಗಳನ್ನೂ ನೂರು ಹಾಳೆಯ ಪುಸ್ತಕದಲ್ಲಿ ಬರೆದೆ. "ಇದಲ್ಲ ಸಾರ್, ಇನ್ನೊಸಿ ತೆಳ್ಳಗಿತ್ತು," ಎನ್ನುವರು, ಮತ್ತೆ ತಿರುಗಿಸುವರು, ಕಣ್ಣುಮುಚ್ಚಿ ಕೇಳುವರು. ನಮ್ಮ ಮನೆಯವರು ಬೇಸರಿಸದೆ ಕಾಫಿ ಒದಗಿಸಿದರು. ಮೂವತ್ತೊಂದು ಸ್ವರಗಳು ಹಿಂದಿರುಗಿದವು, ಉಳಿದವು ಹಿಂದಿರುಗಲಿಲ್ಲ. ಮುಖ್ಯವಾಗಿ ಪಾಂಚಜನ್ಯ ಬರಲೇ ಇಲ್ಲ. ಹದಿನೈದು ವರ್ಷಗಳ ಹಿಂದೆ ಒಂದು ರಾತ್ರಿ ಅದು ಹೇಗೋ ಕೂಡಿಬಂದಿತ್ತಂತೆ. ಹೇಗೆಂದು ಅವರೂ ಬರೆದಿಟ್ಟಿರಲಿಲ್ಲ.

ಒಂಬತ್ತನೆಯ ದಿನ ಕಿಕ್ಕೇರಿಯ ಕಡೆಯ ಆ ಹಳ್ಳಿಗೆ ನಾನೂ ಹೋದೆ. ಹಲಗೆ ಅಲುಗಿದರೂ ವಾದ್ಯ ಆರಲಿಲ್ಲ, ಪಂಚಮ ಕಿರುಚಲಿಲ್ಲ. ನಡುರಾತ್ರಿ ಕಳೆದು ರಣರಂಗದ ದೃಶ್ಯ ಬಂದಿತು. ಮಾಸ್ತರರು ಕೀಬೋರ್ಡಿನಿಂದ ಕೈ ತೆಗೆದು ಪಕ್ಕಕ್ಕೆ ನೋಡಿದರು. ಪರದೆಯ ಮರೆಯಲ್ಲಿ ಆ ಊರಿನ ದಾಸಯ್ಯ ಎದ್ದು ನಿಂತು ತನ್ನ ಶಂಖವನ್ನು ಊದಿದ. ಜನ ಕೇಕೆ ಹಾಕಿದರು. ಎಲ್ಲರಿಗೂ ಅದು ಹಿಡಿಸಿತು. ಮಾಸ್ತರರು ಮಾತ್ರ, ನಾನು ಕಂಡೆ, ತಲೆ ತಗ್ಗಿಸಿ ಮುಂದಿನ ಸ್ವರದ ಗುಂಡಿಯನ್ನು ಹುಡುಕುತ್ತಿದ್ದರು.

ಆಯುರ್ವೇದದಲ್ಲಿ ರೋಗದ ಮೂಲಕಾರಣವನ್ನು ಕಂಡುಹಿಡಿಯುವುದಕ್ಕೆ 'ನಿದಾನ'ವೆಂದು ಹೆಸರು. ಒಂದು ಮಹಾಪ್ರಾಣವನ್ನು ಸೇರಿಸಿದರೆ ಅದು 'ನಿಧಾನ', ಅವಸರವಿಲ್ಲದಿರುವುದು. ವಿದ್ಯಾರ್ಥಿಗಳು ಇವೆರಡನ್ನೂ ಅದಲುಬದಲು ಮಾಡಿ ಬರೆದಾಗ ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಈಗಲೂ ತಿದ್ದುತ್ತೇನೆ, ಆದರೆ ಮೊದಲಿನ ಬಿರುಸಿಲ್ಲ. ಹಳಗನ್ನಡದಲ್ಲಿ 'ನಿಧಾನ'ಕ್ಕೆ ಇನ್ನೊಂದು ಅರ್ಥವುಂಟು: ಹೂತಿಟ್ಟ ನಿಧಿ. ಯಾವ ಹಳೆಯ ಪೆಟ್ಟಿಗೆಯ ಮುಚ್ಚಳವನ್ನು ತೆರೆಯುವಾಗಲೂ ಆ ಅರ್ಥವನ್ನು ನೆನೆಯುವುದು ಒಳ್ಳೆಯದು.

ಆ ನೂರು ಹಾಳೆಯ ಪುಸ್ತಕದ ಒಂದು ಪ್ರತಿ ಮಾಸ್ತರರ ಬಳಿ ಇದೆ. ಇನ್ನೊಂದು ನನ್ನ ಮೇಜಿನ ಖಾನೆಯಲ್ಲಿ, ಕಾವ್ಯಗಳ ಪಕ್ಕದಲ್ಲಿದೆ.